ಕಾನೂನು ವಿದ್ಯಾರ್ಥಿಯ ಪಠ್ಯದಲ್ಲಿ ಜೈನ ಸಮಾಜ

ಕಾನೂನು ಪದವಿಯ ಮೊದಲ ವರ್ಷಕ್ಕೆ ಸೇರುವ ವಿದ್ಯಾರ್ಥಿಯು ಧಾರವಾಡದಲ್ಲಿ ಓದಲಿ, ಬೆಂಗಳೂರಿನಲ್ಲಿ ಓದಲಿ, ಮುಂಬಯಿಯಲ್ಲಿ ಓದಲಿ, ಬಹುಮಟ್ಟಿಗೆ ಒಂದೇ ಬಗೆಯ ಪಾಠಗಳಿಂದ ತನ್ನ ವ್ಯಾಸಂಗವನ್ನು ಆರಂಭಿಸುತ್ತಾನೆ. ಕಾನೂನೆಂದರೇನು, ಅದರ ಮೂಲಗಳು ಯಾವುವು, ಕರಾರು ಹೇಗೆ ಏರ್ಪಡುತ್ತದೆ, ಅಪರಾಧಕ್ಕೆ ಮನಸ್ಸಿನ ಪಾತ್ರವೆಷ್ಟು ಎಂಬಿವು ಆ ಪಾಠಗಳು. ಇವುಗಳ ನಡುವೆ ಕೌಟುಂಬಿಕ ಕಾನೂನು ಎಂಬ ವಿಷಯವೂ ಇದೆ. ಹಿಂದೂ ಕಾನೂನು ಯಾರಿಗೆ ಅನ್ವಯಿಸುತ್ತದೆ ಎಂಬುದು ಅಲ್ಲಿ ಕೇಳುವ ಮೊದಲನೆಯ ಪ್ರಶ್ನೆ. 1955ರ ಹಿಂದೂ ವಿವಾಹ ಕಾಯಿದೆಯ 2ನೆಯ ಕಲಮು ಅದಕ್ಕೆ ಉತ್ತರ ಕೊಡುವಾಗ ಬೌದ್ಧ, ಸಿಖ್ಖರ ಜೊತೆಗೆ ಜೈನರನ್ನೂ ಹೆಸರಿಸುತ್ತದೆ. ಅಧ್ಯಾಪಕರು ಇದನ್ನು ಒಂದು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಇದು ಕಾನೂನಿನ ಅನ್ವಯದ ಮಾತೇ ಹೊರತು ಧರ್ಮದ ಮಾತಲ್ಲವೆಂದು ಸೇರಿಸುವುದೂ ಉಂಟು. ಅದು ಸರಿಯೇ. ಆದರೆ ತರಗತಿಯಲ್ಲಿ ಕುಳಿತ ಶ್ರಾವಕರ ಮನೆಯ ಹುಡುಗನಿಗೋ ಹುಡುಗಿಗೋ ಆ ಒಂದು ವಾಕ್ಯದ ಹಿಂದೆ ನೂರಾರು ವರ್ಷಗಳ ಕಥೆಯಿದೆ ಎಂಬುದು ತಿಳಿಯುವ ಸಂಭವ ಕಡಮೆ. ಆ ಕಥೆಯನ್ನು ನಡೆಸಿದ್ದೂ ಕಾನೂನಿನ ಮೊದಲ ಪಾಠಗಳೇ.

ನಮ್ಮ ದೇಶದಲ್ಲಿ ಕಾನೂನನ್ನು ತರಗತಿಯಲ್ಲಿ ಕುಳಿತು ಕಲಿಯುವ ಪದ್ಧತಿಗೆ ಬಹಳ ವಯಸ್ಸಾಗಿಲ್ಲ. 1855ರ ಸುಮಾರಿಗೆ ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಸರಕಾರದ ವತಿಯಿಂದ ಕಾನೂನು ತರಗತಿಗಳು ಪ್ರಾರಂಭವಾದವು. 1857ರಲ್ಲಿ ಈ ಮೂರು ನಗರಗಳಲ್ಲಿಯೂ ವಿಶ್ವವಿದ್ಯಾಲಯಗಳು ಸ್ಥಾಪಿತವಾಗಿ ಕಾನೂನು ಪದವಿ ಪರೀಕ್ಷೆಗಳು ಏರ್ಪಟ್ಟವು. ಧಾರವಾಡ, ಬೆಳಗಾವಿಗಳವರು ಮುಂಬಯಿಯ ಕಡೆಗೆ, ಬಳ್ಳಾರಿ ಮತ್ತು ದಕ್ಷಿಣ ಕನ್ನಡದವರು ಮದರಾಸಿನ ಕಡೆಗೆ ನೋಡಬೇಕಾಗಿತ್ತು. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು ಆರಂಭವಾದದ್ದು 1939ರಲ್ಲಿ. ಬೆಂಗಳೂರಿನಲ್ಲಿ ಸರಕಾರಿ ಕಾನೂನು ಕಾಲೇಜು ತೆರೆದದ್ದು 1948ರಲ್ಲಿ. ಅಲ್ಲಿಯವರೆಗೆ ಕನ್ನಡಿಗನಿಗೆ ಕಾನೂನು ವ್ಯಾಸಂಗವೆಂದರೆ ಮೊದಲು ರೈಲಿನ ಪ್ರಯಾಣ.

ಆ ಕಾಲದ ವಿದ್ಯಾರ್ಥಿಯ ಮುಂದಿದ್ದ ಪುಸ್ತಕಗಳಾದರೂ ಯಾವುವು? ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಸಂಗ್ರಹ, ಆಸ್ಟಿನ್ನನ ಉಪನ್ಯಾಸಗಳು, 1861ರಲ್ಲಿ ಪ್ರಕಟವಾದ ಹೆನ್ರಿ ಮೇನ್‌ನ ಪ್ರಾಚೀನ ಕಾನೂನು. ಹಿಂದೂ ಕಾನೂನಿಗೆ ವಿಲಿಯಂ ಜೋನ್ಸನ 1794ರ ಮನುಸ್ಮೃತಿಯ ಅನುವಾದ, ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮಿತಾಕ್ಷರಾ ಮತ್ತು ದಾಯಭಾಗ. 1878ರಲ್ಲಿ ಜಾನ್ ಡಿ. ಮೇನ್ ಎಂಬ ಇನ್ನೊಬ್ಬ ಮೇನ್, ಇವರು ಮದರಾಸಿನಲ್ಲಿ ಕಾನೂನು ಬೋಧಿಸಿದವರು, ಹಿಂದೂ ಕಾನೂನು ಮತ್ತು ರೂಢಿಯನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದರು. 1912ರಲ್ಲಿ ಮುಲ್ಲಾ ಅವರ ಕೈಪಿಡಿ ಬಂದಿತು. ಈ ಸಾಲಿನಲ್ಲಿ ಜೈನರ ಗ್ರಂಥ ಒಂದೂ ಇರಲಿಲ್ಲ. ಜೈನರ ವಿಷಯ ಬರುತ್ತಿದ್ದುದು ಪ್ರತ್ಯೇಕ ಪಂಗಡಗಳ ರೂಢಿಗಳನ್ನು ಹೇಳುವಾಗ, ಕೆಲವೇ ಪರಿಚ್ಛೇದಗಳಲ್ಲಿ.

ಇದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ 1772ಕ್ಕೆ ತಲಪುತ್ತೇವೆ. ವಾರನ್ ಹೇಸ್ಟಿಂಗ್ಸನು ಬಂಗಾಳದ ನ್ಯಾಯಾಡಳಿತಕ್ಕಾಗಿ ರೂಪಿಸಿದ ಯೋಜನೆಯಲ್ಲಿ ದಾಯ, ವಿವಾಹ, ಜಾತಿ ಮೊದಲಾದ ವಿಷಯಗಳಲ್ಲಿ ಮುಸಲ್ಮಾನರಿಗೆ ಕುರಾನು, ಹಿಂದೂಗಳಿಗೆ ಶಾಸ್ತ್ರ ಎಂದು ವಿಧಿಸಲಾಯಿತು. ಹೀಗೆ ಎರಡೇ ಪೆಟ್ಟಿಗೆಗಳಾದವು. ಜೈನರು ಮೊದಲನೆಯ ಪೆಟ್ಟಿಗೆಗೆ ಸೇರಿದವರಲ್ಲವೆಂಬುದು ಸ್ಪಷ್ಟವಾಗಿದ್ದುದರಿಂದ ಎರಡನೆಯದಕ್ಕೆ ಬಿದ್ದರು. ನ್ಯಾಯಾಲಯಗಳಿಗೆ ಸಲಹೆ ನೀಡಲು ನೇಮಕಗೊಂಡ ಪಂಡಿತರು ಸ್ಮೃತಿಗಳನ್ನು ಬಲ್ಲವರಾಗಿದ್ದರು. ಆ ಹುದ್ದೆಗಳು 1864ರಲ್ಲಿ ರದ್ದಾದವು. ಅಷ್ಟರೊಳಗೆ ಅವರ ಅಭಿಪ್ರಾಯಗಳ ಆಧಾರದ ಮೇಲೆ ತೀರ್ಪುಗಳು ಕಟ್ಟಿಕೊಂಡಿದ್ದವು.

ಇತಿಹಾಸದ ಅಜ್ಞಾನವೂ ಇದಕ್ಕೆ ಸೇರಿತು. ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1841ರ ತನ್ನ ಭಾರತದ ಇತಿಹಾಸದಲ್ಲಿ ಜೈನಧರ್ಮವು ಕ್ರಿಸ್ತಶಕ ಆರು ಅಥವಾ ಏಳನೆಯ ಶತಮಾನದಲ್ಲಿ ಹುಟ್ಟಿತೆಂದು ಬರೆದನು. ಬೌದ್ಧಮತದಿಂದ ಒಡೆದು ಬಂದ ಶಾಖೆಯೆಂದು ಬೇರೆ ವಿದ್ವಾಂಸರು ಹೇಳುತ್ತಿದ್ದರು. ನಮ್ಮ ಚಂದ್ರಗಿರಿಯ ಬಂಡೆಯ ಮೇಲೆ ಸುಮಾರು 600ರ ಕಾಲದ ಶಾಸನವೊಂದು ಭದ್ರಬಾಹು ಪರಂಪರೆಯನ್ನೂ ಉತ್ತರದಿಂದ ಸಂಘವು ದಕ್ಷಿಣಕ್ಕೆ ಬಂದುದನ್ನೂ ಹಳೆಯ ಕಥೆಯಾಗಿ ನೆನೆಯುತ್ತದೆ. ಆಗತಾನೆ ಹುಟ್ಟಿದ ಮತಕ್ಕೆ ಅಷ್ಟು ಹಳೆಯ ನೆನಪು ಎಲ್ಲಿಂದ ಬರಬೇಕು! ಆದರೆ ಶ್ರವಣಬೆಳಗೊಳದ ಶಾಸನಗಳನ್ನು ಲೂಯಿ ರೈಸ್ ಪುಸ್ತಕರೂಪದಲ್ಲಿ ಪ್ರಕಟಿಸಿದ್ದು 1889ರಲ್ಲಿ. ಜರ್ಮನಿಯ ಹರ್ಮನ್ ಯಾಕೋಬಿಯು ಕಲ್ಪಸೂತ್ರವನ್ನು ಸಂಪಾದಿಸಿ ಜೈನಧರ್ಮದ ಸ್ವತಂತ್ರ ಪ್ರಾಚೀನತೆಯನ್ನು ವಿದ್ವತ್ ಲೋಕಕ್ಕೆ ಮನಗಾಣಿಸಲು ತೊಡಗಿದ್ದು 1879ರಲ್ಲಿ. ನ್ಯಾಯಾಲಯಗಳು ಅಷ್ಟು ವರ್ಷ ಕಾಯಲಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯವು 1873ರಲ್ಲಿ ಭಗವಾನದಾಸ ತೇಜಮಲ್ಲರ ಪ್ರಕರಣದಲ್ಲಿ, ಬೇರೆ ರೂಢಿಯೊಂದು ರುಜುವಾತಾಗದ ಹೊರತು ಜೈನರಿಗೆ ಸಾಮಾನ್ಯ ಹಿಂದೂ ಕಾನೂನೇ ಅನ್ವಯಿಸತಕ್ಕದ್ದೆಂದು ತೀರ್ಮಾನಿಸಿತು. 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಛೋಟೇಲಾಲ್ ವಿರುದ್ಧ ಚುನ್ನೂಲಾಲ್ ಪ್ರಕರಣದಲ್ಲಿ ಅದೇ ಮಾತನ್ನು ಸ್ಥಿರಪಡಿಸಿತು.

"ಬೇರೆ ರೂಢಿಯೊಂದು ರುಜುವಾತಾಗದ ಹೊರತು" ಎಂಬುದರಲ್ಲಿಯೇ ಎಲ್ಲವೂ ಅಡಗಿದೆ. ವಿದ್ಯಾರ್ಥಿಯು ಮೊದಲ ವರ್ಷದಲ್ಲಿ ಕಲಿಯುವ ಎರಡು ನಿಯಮಗಳು ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. ಮೊದಲನೆಯದು ರೂಢಿಯ ಬಲ. 1868ರಲ್ಲಿ ಮಧುರೆಯ ಕಲೆಕ್ಟರರ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲು ಹೇಳಿತು: ಹಿಂದೂ ಕಾನೂನಿನ ಪದ್ಧತಿಯಲ್ಲಿ ಸ್ಪಷ್ಟವಾಗಿ ಸಿದ್ಧಪಟ್ಟ ರೂಢಿಯು ಗ್ರಂಥದ ವಚನಕ್ಕಿಂತ ಮಿಗಿಲು. ಎರಡನೆಯದು ರುಜುವಾತಿನ ಭಾರ. 1872ರ ಸಾಕ್ಷ್ಯ ಕಾಯಿದೆಯು, ಯಾವನು ಒಂದು ಸಂಗತಿಯನ್ನು ಪ್ರತಿಪಾದಿಸುತ್ತಾನೋ ಅವನೇ ಅದನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. 2024ರ ಜುಲೈ 1ರಿಂದ ಆ ಕಾಯಿದೆಯ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಈ ನಿಯಮ ಹಾಗೆಯೇ ಉಳಿದಿದೆ. ಇವೆರಡನ್ನೂ ಕೂಡಿಸಿ ನೋಡಿದರೆ ಜೈನರ ಸ್ಥಿತಿ ತಿಳಿಯುತ್ತದೆ. ಮಿತಾಕ್ಷರಾ ನ್ಯಾಯಾಧೀಶರ ಕಪಾಟಿನಲ್ಲಿಯೇ ಇತ್ತು. ಅದನ್ನು ಅವಲಂಬಿಸಿದವನು ಪುಟವನ್ನು ತೋರಿಸಿದರೆ ಸಾಕು. ಜೈನನಾದರೋ ತನ್ನ ಮನೆಯ ಆಚಾರವನ್ನು ಸಾಕ್ಷಿಗಳನ್ನು ಕರೆತಂದು, ನಿದರ್ಶನಗಳನ್ನು ಎಣಿಸಿ, ಹಣ ವೆಚ್ಚಮಾಡಿ, ಪ್ರತಿ ದಾವೆಯಲ್ಲಿಯೂ ಹೊಸದಾಗಿ ಸಿದ್ಧಪಡಿಸಬೇಕು. ಕಾನೂನು ಇಬ್ಬರಿಗೂ ಒಂದೇ ಆಗಿತ್ತು. ಹೊರೆ ಮಾತ್ರ ಒಂದೇ ಆಗಿರಲಿಲ್ಲ.

ಆ ಹೊರೆಯನ್ನು ಹೊತ್ತು ಗೆದ್ದವರಲ್ಲಿ ದಾಖೋ ಎಂಬ ವಿಧವೆಯೊಬ್ಬರಿದ್ದರು. ಉತ್ತರ ಭಾರತದ ಸರಾವಗಿ ಅಗರವಾಲ ಜೈನ ಮನೆತನದವರು. ಅವರ ಹಕ್ಕನ್ನು ಶಿಯೋ ಸಿಂಗ್ ರಾಯ್ ಎಂಬವರು ಪ್ರಶ್ನಿಸಿದ್ದರು. ಮಕ್ಕಳಿಲ್ಲದ ಜೈನ ವಿಧವೆಯು ಗಂಡನ ಸ್ವಯಾರ್ಜಿತ ಆಸ್ತಿಗೆ ಪೂರ್ಣ ಒಡತಿಯಾಗುತ್ತಾಳೆಯೇ? ಗಂಡನ ಅನುಮತಿಯಿಲ್ಲದೆ ದತ್ತು ಸ್ವೀಕರಿಸಬಲ್ಲಳೇ? ಹಿಂದೂ ಕಾನೂನಿನ ಅಂದಿನ ಸಿದ್ಧಾಂತದಂತೆ ವಿಧವೆಗೆ ಸಿಗುತ್ತಿದ್ದುದು ಜೀವಿತಾವಧಿಯ ಮಿತ ಹಕ್ಕು. ದತ್ತುವಿಗೆ ಅನುಮತಿ ಬೇಕೋ ಬೇಡವೋ ಎಂಬುದು ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗುತ್ತಿತ್ತು. ಬೇರೆ ಬೇರೆ ಊರುಗಳ ಜೈನರ ಸಾಕ್ಷ್ಯವನ್ನು ಸಂಗ್ರಹಿಸಲಾಯಿತು. ಅವರು ತಮ್ಮ ಕುಲದಲ್ಲಿ ನಡೆದುಬಂದುದನ್ನು ಹೇಳಿದರು. 1878ರಲ್ಲಿ ಪ್ರಿವಿ ಕೌನ್ಸಿಲು ಆ ರೂಢಿ ಸಿದ್ಧಪಟ್ಟಿದೆಯೆಂದು ಒಪ್ಪಿ ದಾಖೋ ಅವರ ಪರವಾಗಿ ತೀರ್ಪಿತ್ತಿತು. ಛೋಟೇಲಾಲರ ಪ್ರಕರಣವೂ ಇದೇ ವರ್ಷದ್ದೆಂಬುದನ್ನು ವಾಚಕರು ಗಮನಿಸಬೇಕು. ರೂಢಿಯನ್ನು ಸಿದ್ಧಪಡಿಸಿದಲ್ಲಿ ರೂಢಿ, ಇಲ್ಲದಿದ್ದಲ್ಲಿ ಮಿತಾಕ್ಷರಾ.

ಈ ರೂಢಿಯು ಆಕಸ್ಮಿಕವಾದುದಲ್ಲ. ಸ್ಮೃತಿಗಳ ದೃಷ್ಟಿಯಲ್ಲಿ ದತ್ತುಪುತ್ರನು ಪಿಂಡಪ್ರದಾನಕ್ಕಾಗಿ ಬೇಕಾದವನು. ತಂದೆಯ ಪರಲೋಕದ ಗತಿ ಮಗನ ಕೈಯಲ್ಲಿದೆ. ಆದುದರಿಂದ ಗಂಡನ ಇಚ್ಛೆ ಅಲ್ಲಿ ಮುಖ್ಯವಾಗುತ್ತದೆ. ಕರ್ಮಸಿದ್ಧಾಂತವನ್ನು ನಂಬಿದ ಜೈನನಿಗೆ ಒಬ್ಬ ಜೀವನ ಗತಿಯನ್ನು ಇನ್ನೊಬ್ಬ ಜೀವನು ತಿದ್ದಲಾರನು. ಮಗನಿರಲಿ ಇಲ್ಲದಿರಲಿ ಬಂಧ-ಮೋಕ್ಷಗಳು ಅವರವರವು. ಹೀಗಿರುವಾಗ ದತ್ತು ಕೇವಲ ಲೌಕಿಕ ಏರ್ಪಾಡು, ಮನೆಯನ್ನು ನೋಡಿಕೊಳ್ಳುವವನೊಬ್ಬನ ನೇಮಕ. ವಿಧವೆಯು ಅದನ್ನು ತಾನೇ ಮಾಡಬಲ್ಲಳು. ಜೈನರಲ್ಲಿ ದತ್ತುವಿಗೆ ಧಾರ್ಮಿಕ ಮಹತ್ತ್ವವಿಲ್ಲವೆಂಬುದನ್ನು ನ್ಯಾಯಾಲಯಗಳೂ ಮುಂದೆ ಒಪ್ಪಿದವು. ಆದರೆ ಇದನ್ನು ತತ್ತ್ವವಾಗಿ ಹೇಳಿದರೆ ನಡೆಯುತ್ತಿರಲಿಲ್ಲ, ರೂಢಿಯಾಗಿ ತೋರಿಸಬೇಕಾಗಿತ್ತು.

ಹಾಗಾದರೆ ಗ್ರಂಥಗಳನ್ನೇಕೆ ತೋರಿಸಲಿಲ್ಲ? ಭದ್ರಬಾಹು ಸಂಹಿತೆ, ವರ್ಧಮಾನ ನೀತಿ, ಅರ್ಹನ್ನೀತಿ, ಇಂದ್ರನಂದಿ ಸಂಹಿತೆ ಎಂಬ ಹೆಸರಿನ ಗ್ರಂಥಗಳಲ್ಲಿ ದಾಯಭಾಗದ ವಿಚಾರ ಬರುತ್ತದೆ. ಬ್ಯಾರಿಸ್ಟರ್ ಚಂಪತರಾಯ್ ಜೈನರು 1926ರ ತಮ್ಮ "ಜೈನ ಲಾ" ಎಂಬ ಗ್ರಂಥದಲ್ಲಿ ಇದಕ್ಕೆ ನಿಷ್ಠುರವಾದ ಉತ್ತರವನ್ನಿತ್ತಿದ್ದಾರೆ. ಆಂಗ್ಲರ ನ್ಯಾಯಾಲಯಗಳು ಬಂದಾಗ ಜೈನರೇ ತಮ್ಮ ಶಾಸ್ತ್ರಗಳನ್ನು ಬಚ್ಚಿಟ್ಟರು, ಕಚೇರಿಯಲ್ಲಿ ಹಾಜರುಪಡಿಸಲು ಒಪ್ಪಲಿಲ್ಲ, ಏಕೆಂದರೆ ಅಲ್ಲಿ ಶಾಸ್ತ್ರಕ್ಕೆ ಸಲ್ಲಬೇಕಾದ ವಿನಯ ಸಲ್ಲುವುದಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಆ ಭಯ ನಿರಾಧಾರವಲ್ಲವೆಂದೂ ಅವರು ಒಪ್ಪುತ್ತಾರೆ. ಶಾಸ್ತ್ರವನ್ನು ಎತ್ತರದ ಪೀಠದಲ್ಲಿಟ್ಟು ನಮಸ್ಕರಿಸುವವನಿಗೆ ಅದು ಗುಮಾಸ್ತನ ಮೇಜಿನ ಮೇಲೆ ಬೀಳುವುದನ್ನು ನೋಡಲು ಕಷ್ಟವೇ.

ಕನ್ನಡ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾನೂನಿನ ಗ್ರಂಥಗಳಲ್ಲದಿದ್ದರೂ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿಗಳ ಕಥೆ ಇದೇ ಮನೋಭಾವದ ಕಥೆ. ಶತಮಾನಗಳ ಕಾಲ ಅವು ಯಾತ್ರಿಕರಿಗೆ ದರ್ಶನಕ್ಕೆ ಸಿಗುತ್ತಿದ್ದವು, ಓದಿಗೆ ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಮೊದಲಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟ ಅಮರಾವತಿಯಿಂದ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಆ ಗರಿಗಳನ್ನು ಅಷ್ಟು ಕಾಲ ಕಾಪಾಡಿದವರಿಗೆ ನಾವು ಋಣಿಗಳು. ಮುಚ್ಚಿಟ್ಟದ್ದರಿಂದಲೇ ಅವು ಉಳಿದವೆಂದು ವಾದಿಸುವವರೂ ಇದ್ದಾರೆ. ಆ ವಾದದಲ್ಲಿ ಸತ್ಯಾಂಶವಿದೆ. ಆದರೆ ನ್ಯಾಯಾಲಯಕ್ಕೆ ಉಳಿದದ್ದು ಸಾಲದು, ಕಾಣಿಸಬೇಕು.

ಇದಕ್ಕೆ ವಿರುದ್ಧವಾದ ಚಿತ್ರವೂ ನಮ್ಮ ಕರಾವಳಿಯಲ್ಲಿಯೇ ಇದೆ. ತುಳುನಾಡಿನ ಜೈನ ಮನೆತನಗಳಲ್ಲಿ ಪುರೋಹಿತರಾದ ಇಂದ್ರರನ್ನು ಬಿಟ್ಟು ಉಳಿದವರು ಅಳಿಯಸಂತಾನ ಪದ್ಧತಿಯನ್ನು ಅನುಸರಿಸಿಕೊಂಡು ಬಂದವರು. ಅಲ್ಲಿ ಭೂತಾಳ ಪಾಂಡ್ಯನ ಕಟ್ಟುಕಟ್ಟಲೆ ಎಂಬ ಪುಸ್ತಿಕೆಯು ಪ್ರಚಾರಕ್ಕೆ ಬಂದು ವ್ಯಾಜ್ಯಗಳಲ್ಲಿ ಪ್ರಸ್ತಾಪವಾಯಿತು. ಅದರ ಪ್ರಾಚೀನತೆಯನ್ನು ವಿದ್ವಾಂಸರು ಬಲವಾಗಿ ಸಂದೇಹಿಸಿದರು. ಒಂದು ಕಡೆ ಇದ್ದ ಗ್ರಂಥ ಕಚೇರಿಗೆ ಹೋಗಲಿಲ್ಲ, ಇನ್ನೊಂದು ಕಡೆ ಸಂದೇಹದ ಗ್ರಂಥ ಕಚೇರಿಯ ಬಾಗಿಲನ್ನು ತಟ್ಟಿತು. ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿಯ ವಿಭಾಗಕ್ಕೆ ಶಾಸನದ ಮೂಲಕ ಅವಕಾಶವಾದದ್ದು 1949ರ ಮದರಾಸು ಕಾಯಿದೆಯಿಂದ.

ನಮ್ಮವರು ಕಾನೂನು ವ್ಯಾಸಂಗಕ್ಕೆ ಇಳಿದ ಮೇಲೆ ಸ್ಥಿತಿ ಬದಲಾಗತೊಡಗಿತು. ಕಾಲದೃಷ್ಟಿಯಿಂದ ಮೊದಲು ನೆನೆಯಬೇಕಾದವರು ಮಹುವಾದ ವೀರಚಂದ ರಾಘವಜಿ ಗಾಂಧಿ. 1893ರ ಷಿಕಾಗೋ ಧರ್ಮಸಮ್ಮೇಳನದಿಂದ ಅವರ ಹೆಸರು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲು ಅವರು ಮಾಡಿದ ಕೆಲಸ ಅಷ್ಟು ಪ್ರಸಿದ್ಧವಲ್ಲ. ಸಮ್ಮೇದ ಶಿಖರದ ಬೆಟ್ಟದ ಮೇಲೆ ಹಂದಿಯ ಕೊಬ್ಬು ತೆಗೆಯುವ ಕಾರ್ಖಾನೆಯೊಂದು ಎದ್ದಾಗ, ದಾಖಲೆಗಳನ್ನು ತಾವೇ ಓದಬೇಕೆಂದು ಕಲ್ಕತ್ತೆಯಲ್ಲಿ ನಿಂತು ಬಂಗಾಳಿ ಭಾಷೆಯನ್ನು ಕಲಿತರು. ಆ ಕಾರ್ಖಾನೆ ನಿಂತಿತು. ಕ್ಷೇತ್ರದ ಪಾವಿತ್ರ್ಯವನ್ನು ಕುರಿತು ಭಾಷಣ ಮಾಡುವುದು ಸುಲಭ. ಇನ್ನೊಬ್ಬರ ಭಾಷೆಯ ಹಳೆಯ ಕಾಗದವನ್ನು ಓದಲು ಕಲಿಯುವುದು ಸುಲಭವಲ್ಲ.

ಬಸದಿಗಳ ವಿಶ್ವಸ್ತ ಮಂಡಲಿಗಳಲ್ಲಿರುವವರು ಇಲ್ಲಿ ಸಾಕ್ಷ್ಯ ಕಾನೂನಿನ ಇನ್ನೊಂದು ಪ್ರಾಥಮಿಕ ಪಾಠವನ್ನು ನೆನೆಯಬಹುದು. ಮೂವತ್ತು ವರ್ಷಕ್ಕೆ ಮೀರಿದ ಕಾಗದವು ಇರಬೇಕಾದ ಕೈಯಿಂದಲೇ, ಎಂದರೆ ಯೋಗ್ಯ ಸುಪರ್ದಿನಿಂದ ಹಾಜರಾದರೆ, ಅದರ ಸಹಿ-ಬರವಣಿಗೆಗಳು ನಿಜವೆಂದು ನ್ಯಾಯಾಲಯವು ಭಾವಿಸಬಹುದು. ಅದೇ ಕಾಗದವು ಧರ್ಮದರ್ಶಿಯೊಬ್ಬರ ಮನೆಯ ಅಟ್ಟದಿಂದ ಹಳೆಯ ಪಂಚಾಂಗಗಳೊಂದಿಗೆ ಇಳಿದು ಬಂದರೆ ಅದು ಅಲ್ಲಿಗೆ ಹೇಗೆ ಹೋಯಿತೆಂಬುದನ್ನು ಮೊದಲು ವಿವರಿಸಬೇಕಾಗುತ್ತದೆ. ಉಂಬಳಿಯ ಪತ್ರ, ಪೂಜಾವೆಚ್ಚದ ಲೆಕ್ಕದ ಪುಸ್ತಕ, ಜೀರ್ಣೋದ್ಧಾರದ ಒಪ್ಪಂದ ಇವುಗಳ ಬೆಲೆ ಅವು ಎಲ್ಲಿವೆ ಎಂಬುದನ್ನೂ ಅವಲಂಬಿಸಿದೆ. ಎಷ್ಟು ಬಸದಿಗಳಲ್ಲಿ ಇವುಗಳ ಪಟ್ಟಿ ಇದೆಯೋ ಆಯಾ ಮಂಡಲಿಯವರೇ ಹೇಳಬೇಕು.

ಆಕ್ಸ್‌ಫರ್ಡಿನಲ್ಲಿ ಓದಿ ಬ್ಯಾರಿಸ್ಟರರಾಗಿ ಬಂದ ಜಗಮಂದರಲಾಲ್ ಜೈನಿ ಅವರು 1916ರಲ್ಲಿ ಭದ್ರಬಾಹು ಸಂಹಿತೆಯ ಭಾಗವನ್ನು ಇಂಗ್ಲಿಷಿಗೆ ಅನುವಾದಿಸಿ ಜೈನ ಕಾನೂನಿನ ಪುಸ್ತಕವನ್ನು ಪ್ರಕಟಿಸಿದರು. ಅವರು ಮುಂದೆ ಇಂದೂರಿನ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದರು. ಅದಾದ ಕೆಲವೇ ವರ್ಷಗಳಲ್ಲಿ ಹರಿಸಿಂಗ್ ಗೌರರ "ಹಿಂದೂ ಕೋಡ್" ಬಂದಿತು. ಗೌರರು 1922ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾದವರು, ಸಾಗರ ವಿಶ್ವವಿದ್ಯಾಲಯದ ಸ್ಥಾಪಕರು; ಅವರ ಗ್ರಂಥವೆಂದರೆ ವಿದ್ಯಾರ್ಥಿಗಳೂ ವಕೀಲರೂ ನೋಡುವಂತಹುದು. ಅದರಲ್ಲಿ ಜೈನರನ್ನು ಹಿಂದೂಧರ್ಮದಿಂದ ಒಡೆದು ಬಂದವರೆಂದು ವರ್ಣಿಸಿದ್ದು ಸಮಾಜದಲ್ಲಿ ಕೋಲಾಹಲವೆಬ್ಬಿಸಿತು. ಮಂದಿರದಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ವಾದವಾಗಿ ಮುಗಿಯುತ್ತಿತ್ತು. ಪಠ್ಯದಲ್ಲಿ ಬಂದುದು ಮುಂದಿನ ತಲೆಮಾರಿನ ನ್ಯಾಯಾಧೀಶನ ತಲೆಯಲ್ಲಿ ಉಳಿಯುತ್ತದೆ. ಆ ಕೋಲಾಹಲಕ್ಕೆ ಪುಸ್ತಕದಿಂದಲೇ ಉತ್ತರ ಕೊಟ್ಟವರು ಚಂಪತರಾಯರು. ಅವರು ಲಭ್ಯವಿದ್ದ ಸಂಹಿತೆಗಳ ವಚನಗಳನ್ನು ಒಟ್ಟುಗೂಡಿಸಿ, ವಕೀಲನು ನ್ಯಾಯಾಲಯದಲ್ಲಿ ತೆರೆದು ತೋರಿಸಬಹುದಾದ ರೀತಿಯಲ್ಲಿ, ದತ್ತು, ದಾಯ, ಸ್ತ್ರೀಧನ ಎಂಬ ಕ್ರಮದಲ್ಲಿ ಜೋಡಿಸಿದರು. ಆ ವಚನಗಳಲ್ಲಿ ವಿಧವೆಗಿರುವ ಸ್ಥಾನ ಬಹಳ ಎತ್ತರದ್ದು. ಗಂಡನ ಆಸ್ತಿಗೆ ಆಕೆಯನ್ನು ಪೂರ್ಣ ಸ್ವಾಮಿನಿಯೆಂದೇ ಅವು ಭಾವಿಸುತ್ತವೆ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಈ ಗ್ರಂಥಗಳೆಲ್ಲ ಹೆಸರಿನಷ್ಟು ಪ್ರಾಚೀನವೆಂದು ಜೈನ ವಿದ್ವಾಂಸರೇ ಒಪ್ಪಿರಲಿಲ್ಲ. ಪಂಡಿತ ಜುಗಲಕಿಶೋರ ಮುಖ್ತಾರರು ತಮ್ಮ ಗ್ರಂಥಪರೀಕ್ಷೆಯಲ್ಲಿ, ಭದ್ರಬಾಹು ಸಂಹಿತೆಯು ಶ್ರುತಕೇವಲಿ ಭದ್ರಬಾಹುಗಳದಲ್ಲ, ಬಹಳ ಈಚಿನ ಸಂಕಲನವೆಂದು ಆಧಾರಸಹಿತವಾಗಿ ವಾದಿಸಿದರು. ಮುಖ್ತಾರರೂ ನ್ಯಾಯಾಲಯಗಳಲ್ಲಿ ವೃತ್ತಿ ನಡೆಸಿದ್ದವರೇ. ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡುವಂತೆ ಗ್ರಂಥವನ್ನು ಒಡ್ಡಿದರು. ಸಮಾಜಕ್ಕೆ ಪ್ರಯೋಜನವಾಗುವ ಗ್ರಂಥವನ್ನು ಹೀಗೆ ಪರೀಕ್ಷಿಸಬಹುದೇ ಎಂದು ಅಂದು ಬೇಸರಪಟ್ಟವರಿದ್ದಿರಬಹುದು. ನನ್ನ ಮಟ್ಟಿಗೆ ಹೇಳುವುದಾದರೆ ಚಂಪತರಾಯರ ಶ್ರಮಕ್ಕೂ ಮುಖ್ತಾರರ ಸತ್ಯನಿಷ್ಠೆಗೂ ನಾವು ಸಮಾನವಾಗಿ ಋಣಿಗಳಾಗಿರಬೇಕು. ಕೂಟಲೇಖವನ್ನು ಸತ್ಯಾಣುವ್ರತದ ಅತಿಚಾರವೆಂದು ಎಣಿಸಿದ ಸಂಪ್ರದಾಯ ನಮ್ಮದು. ನಮಗೆ ಅನುಕೂಲವಾದ ಲೇಖಕ್ಕೆ ಅದರಿಂದ ವಿನಾಯಿತಿ ದೊರೆಯದು.

ಚಂಪತರಾಯರ ಗ್ರಂಥ ಬಂದ ಕಾಲದಲ್ಲಿಯೇ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಗಟ್ಟೆಪ್ಪ ವಿರುದ್ಧ ಈರಮ್ಮ ಎಂಬ ಪ್ರಕರಣವಿತ್ತು. 1927ರ ವರದಿಗಳಲ್ಲಿ ಅದು ಅಚ್ಚಾಗಿದೆ. ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಅದರಲ್ಲಿ, ಈ ಪ್ರಶ್ನೆ ಹೊಸದಾಗಿ ತಮ್ಮ ಮುಂದೆ ಬಂದಿದ್ದರೆ ಜೈನರು ಹಿಂದೂಧರ್ಮದಿಂದ ಒಡೆದವರಲ್ಲವೆಂದು ಹೇಳಲು ತಾವು ಒಲಿಯುತ್ತಿದ್ದರೆಂದೂ, ಆಧುನಿಕ ಸಂಶೋಧನೆಯು ಜೈನಧರ್ಮದ ಮೂಲವು ಸ್ಮೃತಿಗಳಿಗಿಂತ ಬಹು ಹಿಂದಿನದೆಂದು ತೋರಿಸಿದೆಯೆಂದೂ ಅಭಿಪ್ರಾಯಪಟ್ಟರು. ಎಲ್ಫಿನ್‌ಸ್ಟನ್ನನ ತಪ್ಪು ನ್ಯಾಯಪೀಠದಿಂದಲೇ ತಿದ್ದಿಸಿಕೊಂಡಿತು. ಆದರೆ "ಹೊಸದಾಗಿ ಬಂದಿದ್ದರೆ" ಎಂಬ ಷರತ್ತನ್ನು ವಾಚಕರು ಗಮನಿಸಬೇಕು. ಹಿಂದಿನ ತೀರ್ಪುಗಳು ಅಷ್ಟೊತ್ತಿಗೆ ಗಟ್ಟಿಯಾಗಿದ್ದವು. ಪೂರ್ವನಿರ್ಣಯಕ್ಕೆ ಕಿರಿಯ ನ್ಯಾಯಾಲಯ ಬದ್ಧ ಎಂಬುದು ಕಾನೂನು ವಿದ್ಯಾರ್ಥಿಯು ಮೊದಲ ತಿಂಗಳಲ್ಲಿಯೇ ಕಲಿಯುವ ಇನ್ನೊಂದು ನಿಯಮ. ತಡವಾಗಿ ಬಂದ ಸತ್ಯಕ್ಕೆ ಮೆಚ್ಚುಗೆ ದೊರೆಯಿತು, ತೀರ್ಪು ದೊರೆಯಲಿಲ್ಲ.

ಮುಂದಿನದು ಶಾಸನಸಭೆಯ ಕಥೆ. 1955 ಮತ್ತು 1956ರ ಹಿಂದೂ ಕಾಯಿದೆಗಳು ಜೈನರನ್ನೂ ತಮ್ಮ ವ್ಯಾಪ್ತಿಗೆ ಸೇರಿಸಿಕೊಂಡವು. ತಾವು ವಿಧಿಸಿದ ವಿಷಯಗಳಲ್ಲಿ, ತಾವೇ ಉಳಿಸಿದ್ದನ್ನು ಬಿಟ್ಟು, ಹಿಂದಿನ ಗ್ರಂಥವಚನ-ರೂಢಿಗಳೆರಡನ್ನೂ ಬದಿಗೊತ್ತಿದವು. ಮಿತಾಕ್ಷರಾ, ಜೈನ ಸಂಹಿತೆ ಎರಡಕ್ಕೂ ಬಹುಮಟ್ಟಿಗೆ ಒಂದೇ ಗತಿಯಾಯಿತು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದರೂ ವಿವಾಹ, ದಾಯಗಳ ಕಾನೂನಿನಲ್ಲಿ ಅದರಿಂದ ಬದಲಾವಣೆಯಾಗಲಿಲ್ಲ. ಈ ಎರಡನ್ನು ಬೆರೆಸಿ ಮಾತನಾಡುವುದನ್ನು ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಒಂದು ವರ್ಷ ಕಾನೂನು ಓದಿದ ಹುಡುಗಿಯೂ ಇದನ್ನು ಬಿಡಿಸಿ ಹೇಳಬಲ್ಲಳು.

1956ರ ದತ್ತಕ ಕಾಯಿದೆಯ ಪ್ರಕಾರ ವಿಧವೆಯು ಯಾರ ಅನುಮತಿಯನ್ನೂ ಕೇಳದೆ ದತ್ತು ಪಡೆಯಬಹುದು. ಅದೇ ವರ್ಷದ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನಂತೆ ಸ್ತ್ರೀಯು ತನ್ನ ಆಸ್ತಿಗೆ ಪೂರ್ಣ ಒಡತಿ. ಈ ಕಲಮುಗಳನ್ನು ಕಲಿಸುವಾಗ ಅಧ್ಯಾಪಕರು ಇವನ್ನು ಸುಧಾರಣೆಯೆಂದು ವರ್ಣಿಸುತ್ತಾರೆ; ಅದು ಸುಧಾರಣೆಯೇ. ಅದಕ್ಕೆ 78 ವರ್ಷಗಳ ಹಿಂದೆ, ಇದೇ ಎರಡು ಹಕ್ಕುಗಳನ್ನು ತಮ್ಮ ಕುಲದ ರೂಢಿಯೆಂದು ಸಾಕ್ಷಿಗಳ ಮೂಲಕ ತೋರಿಸಿಕೊಟ್ಟ ದಾಖೋ ಅವರ ಹೆಸರು ಹಿಂದಿನ ಅಧ್ಯಾಯದಲ್ಲಿ, ರೂಢಿಯ ಬಲವೆಂಬ ಶೀರ್ಷಿಕೆಯ ಕೆಳಗೆ, ಅಡಿಟಿಪ್ಪಣಿಯಾಗಿ ಇರುತ್ತದೆ.